ಕಂಪ್ಯೂಟರಿನ ನೀಲಿ ಮುನಿಸು

ಬೆಳಗಾದ ಮೇಲೂ ಏಳಲು ಸತಾಯಿಸುವ ಏಕಮಾತ್ರ ಪ್ರಾಣಿ ಎಂಬ ಬಿರುದು ನಮ್ಮ ಮನೆಯಲ್ಲಿ ಬಹುಕಾಲ ನನ್ನದೇ ಆಗಿತ್ತು. ನಿವೃತ್ತಿಯ ನಂತರವಂತೂ ಅದಕ್ಕೆ ಪ್ರತಿಸ್ಪರ್ಧಿಗಳೇ ಇರಲಿಲ್ಲ. ಹಾಲಿನವನು ಬಂದು ಹೋಗಿ, ಪೇಪರಿನವನು ಗೇಟಿನಾಚೆಯಿಂದಲೇ ಎಸೆದ ಪತ್ರಿಕೆ ತುಳಸಿಕಟ್ಟೆಯ ಬುಡಕ್ಕೆ ಬಿದ್ದು, ಹೆಂಡತಿ ಕರೆದು ಕರೆದು ಕಡೆಗೆ ಕರೆಯುವುದನ್ನೇ ಕೈಬಿಟ್ಟ ಮೇಲೆ, ನಾನು ಒಂದು ಕಣ್ಣನ್ನು ತೆರೆದು ಲೋಕವ್ಯಾಪಾರವೆಲ್ಲ ನನ್ನ ನೆರವಿಲ್ಲದೆಯೇ ಸುಸೂತ್ರವಾಗಿ ನಡೆಯುತ್ತಿದೆಯೆಂಬುದನ್ನು ಖಚಿತಪಡಿಸಿಕೊಂಡು, ಇನ್ನೊಂದು ಕಣ್ಣನ್ನು ತೆರೆಯಬೇಕೋ ಬೇಡವೋ ಎಂಬ ಜಿಜ್ಞಾಸೆಯಲ್ಲಿ ಮತ್ತಷ್ಟು ಹೊತ್ತು ಕಳೆಯುತ್ತಿದ್ದೆ. ಈ ಬಿರುದನ್ನು ಕಳೆದ ಶ್ರಾವಣದಲ್ಲಿ ನನ್ನಿಂದ ಕಸಿದುಕೊಂಡದ್ದು ನಮ್ಮ ಮನೆಯ ಕಂಪ್ಯೂಟರು.

ನಮ್ಮ ಮನೆಯ ಕಂಪ್ಯೂಟರು ಎಂದೆನೇ ಹೊರತು ನನ್ನದು ಎನ್ನಲಿಲ್ಲ. ಅದು ನನ್ನ ಹೆಂಡತಿ ಸುಲೋಚನಳದು. ಸಂಜಯನಗರದ ನಮ್ಮ ಈ ಹಳೆಯ ಮನೆಯಲ್ಲಿ ಮೊದಲು ಸ್ಟೋರ್ ರೂಮಾಗಿದ್ದು ಆಮೇಲೆ ಬಡ್ತಿ ಪಡೆದ ಒಂದು ಪುಟ್ಟ ಕೋಣೆಯಿದೆ. ಅಲ್ಲಿ ಮೇಜಿನ ಮೇಲೆ ಪರದೆ, ಅದರ ಮುಂದೆ ಕೀಬೋರ್ಡು, ಮೇಜಿನ ಕೆಳಗೆ ಕಂಪ್ಯೂಟರಿನ ಡಬ್ಬ. ಅವಳು ಸರಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು. ನಾನು ವಿಮಾ ಕಚೇರಿಯಿಂದ ನಿವೃತ್ತನಾದಾಗ ನನಗೆ ಹಾರ, ಶಾಲು, ಮತ್ತು ಮಾಡಲು ಕೆಲಸವಿಲ್ಲದ ವಿಶಾಲವಾದ ಮುಂದಿನ ಬದುಕು ದೊರೆತವು. ಅವಳಿಗೆ ಹಾರ, ಶಾಲುಗಳ ಜೊತೆಗೆ ಗಿರಾಕಿಗಳೂ ದೊರೆತರು. ನಮ್ಮ ಕಡೆಯ ಬಡಾವಣೆಗಳಲ್ಲಿ ನಿವೃತ್ತರಾದವರೆಲ್ಲ ಒಂದೋ ಬೆಳಗಿನ ವಾಯುವಿಹಾರ ಮಾಡುತ್ತಾರೆ, ಇಲ್ಲವೇ ಆತ್ಮಕಥೆ ಬರೆಯುತ್ತಾರೆ. ಮೊಣಕಾಲು ನೋವಿರುವವರಿಗೆ ಎರಡನೆಯದೇ ಗತಿ. ಅವರು ಕೈಯಲ್ಲಿ ಬರೆದ ಹಾಳೆಗಳನ್ನು ಅಚ್ಚಿಗೆ ಹೋಗುವಂತೆ ಟೈಪು ಮಾಡಿಕೊಡುವುದು ಸುಲೋಚನಳ ಕೆಲಸ. ಆರ್.ಟಿ. ನಗರದಿಂದ ಯಲಹಂಕದವರೆಗೆ ಯಾರ ಬಾಲ್ಯ ಎಷ್ಟು ಕಷ್ಟದಲ್ಲಿ ಕಳೆಯಿತು ಎಂಬುದು ಅವಳಿಗೆ ಗೊತ್ತಿರುವಷ್ಟು ಆಯಾ ಮನೆಯ ಮಕ್ಕಳಿಗೂ ಗೊತ್ತಿರಲಾರದು.

ಅವಳ ವಿದ್ಯೆಯ ಮೂಲ ಯಶವಂತಪುರದ ಒಂದು ಟೈಪಿಂಗ್ ಇನ್ಸ್ಟಿಟ್ಯೂಟು. ಅಲ್ಲಿನ ಮೇಷ್ಟ್ರನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಮೂವತ್ತೈದು ವರ್ಷಗಳಿಂದ ಅವರೊಡನೆ ಸಂಸಾರ ಮಾಡುತ್ತಿದ್ದೇನೆ ಎಂದರೆ ತಪ್ಪಾಗಲಾರದು. ಬೆನ್ನು ನೆಟ್ಟಗಿರಬೇಕು, ಕಣ್ಣು ಹಾಳೆಯ ಮೇಲಿರಬೇಕು, ಬೆರಳನ್ನು ನೋಡಕೂಡದು, ಕೆಲಸ ಮುಗಿದ ಕೂಡಲೇ ಯಂತ್ರಕ್ಕೆ ಗವಸು ತೊಡಿಸದೆ ಎದ್ದು ಹೋಗಕೂಡದು, ಮತ್ತೆ ಕೆಲಸಕ್ಕೆ ಕೂತು ಸಿದ್ಧವಾಗುವ ತನಕ ಆ ಗವಸನ್ನು ತೆಗೆಯಲೂ ಕೂಡದು. ಧೂಳು ಯಂತ್ರದ ಶತ್ರು, ಆಲಸ್ಯ ಟೈಪಿಸ್ಟಿನ ಶತ್ರು ಎಂಬುದು ಅವರ ಉಪದೇಶವಂತೆ. ಎರಡನೆಯ ಶತ್ರು ನಮ್ಮ ಮನೆಯಲ್ಲಿ ನನ್ನ ರೂಪದಲ್ಲಿ ಓಡಾಡಿಕೊಂಡಿರುವುದರಿಂದ ಅವಳು ಮೊದಲನೆಯದನ್ನಾದರೂ ಗೆಲ್ಲುವ ಪಣ ತೊಟ್ಟಿದ್ದಾಳೆ. ಹಳೆಯ ಕರ್ಟನ್ನಿನ ದಪ್ಪ ಹಸಿರು ಬಟ್ಟೆಯಲ್ಲಿ ಪರದೆಗೊಂದು, ಕೀಬೋರ್ಡಿಗೊಂದು ಗವಸು ಹೊಲಿದು, ಕೀಬೋರ್ಡಿನದಕ್ಕೆ ಸುತ್ತಲೂ ಎಲಾಸ್ಟಿಕ್ ಹಾಕಿದ್ದಳು. ಆಷಾಢದ ಗಾಳಿಗೆ ರಸ್ತೆಯ ಧೂಳೆಲ್ಲ ಮನೆಯೊಳಗೇ ಸಂಸಾರ ಹೂಡಿದಾಗ ಆ ಎಲಾಸ್ಟಿಕ್ ಸಡಿಲವಾಗಿದೆಯೆಂದು ಆ ತಿಂಗಳ ಕೊನೆಗೆ ಕಿತ್ತು ಹೊಸದನ್ನು ಬಿಗಿಯಾಗಿ ಎಳೆದು ಹೊಲಿದಳು.

ಅವಳ ಬೆಳಗಿನ ಕ್ರಮವೂ ಒಂದು ಮಂತ್ರದಂತೆ ಅಕ್ಷರ ತಪ್ಪದೆ ನಡೆಯತಕ್ಕದ್ದು. ಸ್ನಾನ ಮುಗಿಸಿ ಬಂದವಳು ಕೋಣೆಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ಅದು ತನ್ನಷ್ಟಕ್ಕೆ ಗುರುಗುಟ್ಟುತ್ತ ಮೈಮುರಿಯುವಷ್ಟರಲ್ಲಿ ದೇವರ ದೀಪ ಹಚ್ಚಿ, ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಕಾಫಿಯ ಲೋಟ ಹಿಡಿದು ಬಂದು ಕುರ್ಚಿಯಲ್ಲಿ ಕೂತು, ಆಮೇಲೆ ಗವಸುಗಳನ್ನು ತೆಗೆದು ಮಡಿಸಿಡುತ್ತಾಳೆ. ಅಷ್ಟು ಹೊತ್ತಿಗೆ ಪರದೆಯ ಮೇಲೆ ನಮ್ಮ ಮನೆಯ ಮುಂದಿನ ಹೊಂಗೆಮರದ ಚಿತ್ರ ಮೂಡಿ ಕೆಲಸಕ್ಕೆ ಅಣಿಯಾಗಿರುತ್ತದೆ.

ಶ್ರಾವಣದ ಒಂದು ಬೆಳಿಗ್ಗೆ ಹೊಂಗೆಮರ ಬರಲಿಲ್ಲ. ಬದಲಿಗೆ ಪರದೆಯ ತುಂಬ ನೀಲಿ. ಆ ನೀಲಿಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ತಾರೀಖು, ಗಂಟೆ, ಒಳಗಿನ ಉಷ್ಣಾಂಶ, ಫ್ಯಾನು ಸುತ್ತುವ ವೇಗ, ಇನ್ನೂ ಏನೇನೋ. ಊಟಕ್ಕೆ ಏಳಿ ಎಂದು ಕರೆದರೆ ಎದ್ದು ಕೂತು ತನ್ನ ಜಾತಕ ಓದಿ ಹೇಳುವ ನೆಂಟನಂತಿತ್ತು ಅದರ ವರ್ತನೆ. ಅವಳು ಅಲ್ಲೊಂದು ಇಲ್ಲೊಂದು ಗುಂಡಿ ಒತ್ತಿ ನೋಡಿ, ಕಡೆಗೆ ನನ್ನನ್ನು ಕರೆದಳು. ಕಂಪ್ಯೂಟರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಪ್ಲಗ್ಗು ಕೀಳುವುದರಿಂದ ಶುರುವಾಗಿ ಪ್ಲಗ್ಗು ಹಾಕುವಲ್ಲಿಗೆ ಮುಗಿಯುತ್ತದೆ. ಅದನ್ನೇ ಮಾಡಿದೆ. ಹೊಂಗೆಮರ ಬಂದುಬಿಟ್ಟಿತು.

ನೀವು ನನ್ನ ಜಾಗದಲ್ಲಿದ್ದರೂ ಬೀಗುತ್ತಿದ್ದಿರಿ. ಕೈಗುಣ ಎಂದು ಹೇಳಿಕೊಂಡೆ. ಕಾಫಿಯ ಎರಡನೆಯ ಲೋಟವನ್ನು ಸಂಭಾವನೆಯಾಗಿ ಪಡೆದೆ. ಮರುದಿನ ಮತ್ತೆ ನೀಲಿ, ಮತ್ತೆ ನನ್ನ ಪ್ಲಗ್ಗುಪ್ರಯೋಗ, ಮತ್ತೆ ಹೊಂಗೆಮರ. ಆಮೇಲೆ ಅದು ನಿತ್ಯದ ಕಥೆಯಾಯಿತು. ನಾನು ಪೇಟೆಗೋ ಲೈಬ್ರರಿಗೋ ಹೋಗಿದ್ದರೆ ಅವಳು ತಾನೇ ಅದನ್ನು ಆರಿಸಿ, ಬಿಸಿಯಾಗಿರಬಹುದು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಗವಸು ಮುಚ್ಚಿಟ್ಟು, ಅಡುಗೆಮನೆಯ ಕೆಲಸ ಮುಗಿಸಿ ಬಂದು ಮತ್ತೆ ಗುಂಡಿ ಒತ್ತುತ್ತಿದ್ದಳು. ಮತ್ತೆ ನೀಲಿ. ಅವಳು ಹತ್ತು ಸಲ ಎಬ್ಬಿಸಿದರೆ ಹತ್ತು ಸಲವೂ ಮುನಿಸಿಕೊಳ್ಳುವ ಯಂತ್ರ ನಾನು ಒಮ್ಮೆ ಎಬ್ಬಿಸಿದರೆ ನಗುನಗುತ್ತ ಏಳುತ್ತಿತ್ತು. ಜೀವಮಾನದಲ್ಲಿ ಯಂತ್ರವೊಂದು ನನ್ನ ಮಾತು ಕೇಳಿದ್ದು ಅದೇ ಮೊದಲಾದ್ದರಿಂದ ಆ ಸುದ್ದಿಯನ್ನು ಬೀದಿಯಲ್ಲೆಲ್ಲ ಹಂಚಿದೆ.

ಹಂಚಿದ ಸುದ್ದಿಗೆ ಪ್ರತಿಯಾಗಿ ಸಲಹೆಗಳು ಬಂದವು. ಎದುರುಮನೆಯ ಮುನಿಯಪ್ಪನವರು ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿರುವವರು. ನಮ್ಮ ಬೀದಿಯ ಯಾವ ಮನೆಯ ಕೆಳಗೆ ಯಾವ ಬಾವಿ ಹೂತಿದೆ ಎಂಬುದನ್ನು ಬಲ್ಲವರು. ಅವರು ಗೇಟಿಗೆ ಒರಗಿ ನಿಂತು ಪೂರ್ತಿ ವೃತ್ತಾಂತ ಕೇಳಿ ತೀರ್ಪಿತ್ತರು: "ಅದೇನ್ ದೊಡ್ ವಿಸ್ಯ ಅಲ್ಲ ಸಾಮಿ. ನೀರ್ ಬಿಟ್ಟಾಗ ಬೀದಿಯೋರೆಲ್ಲ ಒಟ್ಗೇ ಮೋಟ್ರು ಆಕ್ತಾರೆ. ಇನ್ ಕರೆಂಟು ಎಂಗ್ ಬಂದಾತು? ಅದ್ಕೇ ನಿಮ್ ಕಂಪ್ಯೂಟ್ರು ಮಂಕಾಗ್ತದೆ." ಮಾತು ತರ್ಕಬದ್ಧವಾಗಿತ್ತು. ಕಾವೇರಿ ನೀರು ಬರುವ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹೊರಡುವ ಮೋಟರುಗಳ ಸಮೂಹಗಾನ ಕೇಳಿದವರು ಇದನ್ನು ಅಲ್ಲಗಳೆಯಲಾರರು. ನಾನೊಂದು ಸ್ಟೆಬಿಲೈಸರ್ ತಂದು ಹಾಕಿದೆ. ನೀರು ಬರುವ ದಿನವೂ ನೀಲಿ, ಬಾರದ ದಿನವೂ ನೀಲಿ.

ಕಡೆಗೆ ಆರ್.ಟಿ. ನಗರದ ಮುಖ್ಯರಸ್ತೆಯ ಹಿಂಬದಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯಿಟ್ಟಿರುವ ಇಮ್ತಿಯಾಜರಿಗೆ ಫೋನು ಮಾಡಿದೆ. ಪರದೆ ನೀಲಿಯಾಗುತ್ತಿದೆ ಎಂದೊಡನೆ ಅವರು, ಒಳಗೆ ಏನೋ ಹೋಗಿರಬೇಕು, ಡಬ್ಬ ಮಾತ್ರ ತನ್ನಿ, ಪರದೆ ಕೀಬೋರ್ಡು ನಮ್ಮಲ್ಲೇ ಇವೆ ಎಂದರು. ಆ ನೀಲಿಯ ಫೋಟೋ ತೆಗೆದು ಕಳಿಸುವ ಬುದ್ಧಿ ನನಗೂ ಬರಲಿಲ್ಲ, ಕೇಳುವ ಬುದ್ಧಿ ಅವರಿಗೂ ಬರಲಿಲ್ಲ. ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಇಮ್ತಿಯಾಜರು ತಂತಿಗಳನ್ನು ಸಿಕ್ಕಿಸಿ ಗುಂಡಿ ಒತ್ತಿದರು, ಹೊಂಗೆಮರ. ಆರಿಸಿ ಒತ್ತಿದರು, ಹೊಂಗೆಮರ. ಒಂದು ದಿನ ಅಲ್ಲೇ ಇಟ್ಟುಕೊಂಡು, ಬಿಚ್ಚಿ, ಧೂಳು ಊದಿ, ಮತ್ತೆ ಜೋಡಿಸಿ ನೋಡಿದರು. "ಫಸ್ಟ್ ಕ್ಲಾಸಾಗಿ ಶುರು ಆಗ್ತಿದೆ ಸಾರ್. ಇದಕ್ಕೆ ನಾನು ಏನಂತ ರಿಪೇರಿ ಮಾಡ್ಲಿ ಹೇಳಿ? ನಿಮ್ಮನೇಲಿ ಕರೆಂಟ್ ನೋಡಿಸಿ," ಎಂದು ಕೈಚೆಲ್ಲಿದರು. ಮನೆಯಲ್ಲಿ ರಚ್ಚೆ ಹಿಡಿದು, ಡಾಕ್ಟರ ಮುಂದೆ ಕೂರಿಸಿದ ತಕ್ಷಣ ನಗುವ ಮಗುವನ್ನು ಎತ್ತಿಕೊಂಡು ಬರುವ ತಂದೆಯ ಪೆಚ್ಚುಮುಖ ಹೊತ್ತು ನಾನು ಹಿಂದಿರುಗಿದೆ. ಮಾರನೆಯ ಬೆಳಿಗ್ಗೆ ಸುಲೋಚನ ಗುಂಡಿ ಒತ್ತಿ, ದೀಪ ಹಚ್ಚಿ, ಕಾಫಿ ಹಿಡಿದು ಬಂದು ಗವಸು ತೆಗೆದಳು. ನೀಲಿ.

ಅವತ್ತು ಅವಳು ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ನೋಡಿದಾಗ ಸುಮ್ಮನೆ ಆ ನೀಲಿಯ ಮುಂದೆ ಕೂತಿದ್ದಳು.

ಸಂಜೆ ಹಿತ್ತಲ ಮೆಟ್ಟಿಲ ಮೇಲೆ ದಂಟಿನಸೊಪ್ಪು ಬಿಡಿಸುತ್ತ ತಲೆಯೆತ್ತದೆಯೇ ಹೇಳಿದಳು: "ರೀ, ಯಂತ್ರ ಸರಿಯಾಗಿದೆ. ಅಂಗಡಿಯವರ ಕೈಲಿ ಬರುತ್ತೆ, ನಿಮ್ಮ ಕೈಲಿ ಬರುತ್ತೆ. ನನ್ನ ಕೈಲಿ ಮಾತ್ರ ಬರಲ್ಲ. ನಾನೇ ಏನೋ ತಪ್ಪು ಮಾಡ್ತಿದೀನಿ. ಏನು ಅಂತ ನನಗೆ ಗೊತ್ತಾಗ್ತಿಲ್ಲ." ನಾನು ನಕ್ಕು ತಳ್ಳಿಹಾಕಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದುವರಿಸಿದಳು. "ಅಮ್ಮನಿಗೂ ಹೀಗೇ ಶುರುವಾಗಿದ್ದು."

ಅವಳ ತವರುಮನೆ ಇಲ್ಲೇ ಗಂಗಾನಗರದಲ್ಲಿ. ನನ್ನ ಅತ್ತೆಯವರು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಒಂದು ದಿನ ಅವರು ರಂಗೋಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತವರು ನಿಂತೇ ಇದ್ದರಂತೆ. ಚುಕ್ಕಿ ಇಟ್ಟಿದ್ದರು, ಗೆರೆ ಯಾವ ಕಡೆಯಿಂದ ಎಳೆಯುವುದೆಂದು ತಿಳಿಯಲಿಲ್ಲ. ಮರೆವು ಅಲ್ಲಿಂದ ಶುರುವಾಗಿ ಮೆಲ್ಲಮೆಲ್ಲನೆ ಮನೆಯವರ ಹೆಸರುಗಳವರೆಗೂ ಬಂತು. ಆದರೆ ಆ ಮನೆಯವರು ಅದನ್ನು ನಿಭಾಯಿಸಿದ ರೀತಿ ಇಂದಿಗೂ ನನ್ನ ಮನಸ್ಸಿನಲ್ಲಿ ಅಂತಃಕರಣದ ಪರಮಾವಧಿಯಾಗಿ ನಿಂತಿದೆ. ಅತ್ತೆಯವರು ಏಳುವ ಮೊದಲೇ ಸೊಸೆ ಎದ್ದು ರಂಗೋಲಿ ಹಾಕಿ, ನೀವೇ ಹಾಕಿದ್ದಲ್ವಾ ಅತ್ತೆ ಎನ್ನುವಳು. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಮಗ ತುಟಿಪಿಟಕ್ಕೆನ್ನದೆ ಉಂಡು ಚೆನ್ನಾಗಿದೆ ಎನ್ನುವನು. ಅವರ ಮುಂದೆ ಯಾರೂ ಆ ಮಾತೆತ್ತಿದವರಲ್ಲ.

"ಡಾಕ್ಟ್ರಿಗೆ ಅವರ ಹಾಳೆ ವಾಪಸ್ ಕೊಟ್ಬಿಡಿ," ಎಂದಳು ಸುಲೋಚನ. "ಏನೇನೋ ತಪ್ಪು ಟೈಪ್ ಮಾಡಿ ಅವರ ಪುಸ್ತಕ ಹಾಳಾಗೋದು ಬೇಡ. ಇನ್ನು ಸಾಕು."

ಡಾಕ್ಟರು ಎಂದರೆ ರುದ್ರಪ್ಪನವರು, ಹೆಬ್ಬಾಳದ ಕೆರೆಯಿಂದಾಚೆ ವಾಸವಾಗಿರುವ ನಿವೃತ್ತ ಪಶುವೈದ್ಯರು. ಎಮ್ಮೆ, ಹಸು, ಕುರಿಗಳ ನಡುವೆ ತಾವು ಕಳೆದ ಬದುಕನ್ನು ಅವರು ಬರೆಯುತ್ತಿದ್ದರು. ಆ ಹಾಳೆಗಳನ್ನು ನಾನೂ ನೋಡಿದ್ದೇನೆ. ಶಾಯಿಯಲ್ಲಿ ಕಾಲದ್ದಿದ ಇರುವೆಗಳು ಅವಸರದಲ್ಲಿ ಮದುವೆಗೆ ಹೊರಟಂತಹ ಬರವಣಿಗೆ. ಅದನ್ನು ಓದಬಲ್ಲವರು ಭೂಮಂಡಲದಲ್ಲಿ ಇಬ್ಬರೇ, ಬರೆದ ಡಾಕ್ಟರು ಮತ್ತು ಟೈಪು ಮಾಡುವ ಸುಲೋಚನ. ಅದರಲ್ಲಿಯೂ ಡಾಕ್ಟರಿಗೆ ಕೆಲವು ಸಲ ಸಂಶಯ ಬಂದು ಅವಳನ್ನೇ ಕೇಳುತ್ತಿದ್ದರು.

ಅವಳ ಮಾತು ಮೀರಲಾರದೆ ಆ ಕಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಹೋದೆ. ಅವಳ ಭಯವನ್ನು ಪರರ ಮುಂದೆ ಆಡುವುದು ಸರಿಯೆನಿಸದೆ ಕಂಪ್ಯೂಟರಿನ ಮೇಲೆ ಮಾತ್ರ ದೂರು ಹೇಳಿದೆ: ಮನೆಯಲ್ಲಿ ಏಳುವುದಿಲ್ಲ, ಅಂಗಡಿಯಲ್ಲಿ ಏಳುತ್ತದೆ. ರುದ್ರಪ್ಪನವರು ಕಟ್ಟನ್ನು ಮುಟ್ಟಲೇ ಇಲ್ಲ. "ಅಂಗಡಿಗೆ ಯಾಕ್ರೀ ಹೊತ್ಕೊಂಡು ಹೋದ್ರಿ?" ಎಂದು ನನ್ನನ್ನೇ ಗದರಿದರು. "ಆಸ್ಪತ್ರೆಗೆ ಹೊಡ್ಕೊಂಡು ಬಂದ ದನ ಬೇರೇನೇ ದನ. ಅಲ್ಲಿ ಅದು ಎಲ್ಲಾ ಸರಿಯಿರೋ ಹಾಗೆ ನಿಂತಿರುತ್ತೆ. ಹಾಲು ಯಾಕೆ ಕೊಡ್ತಿಲ್ಲ ಅಂತ ತಿಳೀಬೇಕಾದ್ರೆ ಅದರ ಕೊಟ್ಟಿಗೆಗೇ ಹೋಗ್ಬೇಕು. ದಿನಾ ಕರೆಯೋರು ಕರೆಯೋವಾಗ ಒಂದು ಮೂಲೇಲಿ ಬಾಯಿ ಮುಚ್ಕೊಂಡು ನಿಂತ್ಕೋಬೇಕು." ಕಾಫಿ ಕುಡಿಸಿ, ಹಾಳೆಗಳ ಕಟ್ಟನ್ನು ನನ್ನ ಚೀಲಕ್ಕೇ ಮರಳಿ ತುರುಕಿ, ತಡವಾದರೂ ಚಿಂತೆಯಿಲ್ಲ, ಅವರೇ ಮಾಡಲಿ ಎಂದು ಕಳಿಸಿಕೊಟ್ಟರು. ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಹೊಳೆದದ್ದಿಷ್ಟು: ಇಷ್ಟು ದಿನ ನಾನು ಆ ಕೋಣೆಗೆ ಹೋದದ್ದೆಲ್ಲ ಪರದೆ ನೀಲಿಯಾದ ಮೇಲೆ. ಅವಳು ಗುಂಡಿ ಒತ್ತುವಾಗ ನಾನು ಎಂದೂ ಅಲ್ಲಿರಲಿಲ್ಲ. ಆ ಹೊತ್ತಿನಲ್ಲಿ ನಾನು ಎರಡನೆಯ ಕಣ್ಣು ತೆರೆಯುವ ವಿಚಾರದಲ್ಲಿರುತ್ತಿದ್ದೆ.

ಮರುದಿನ ಬೇಗ ಎದ್ದೆ. ಈ ಒಂದು ವಾಕ್ಯದ ಹಿಂದಿರುವ ತ್ಯಾಗವನ್ನು ನೀವು ಊಹಿಸಿಕೊಳ್ಳಬೇಕು. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಕೋಣೆಯ ಬಾಗಿಲ ಹಿಂದೆ ನಿಂತಿದ್ದೆ. ಅವಳು ಬಂದಳು, ಬಗ್ಗಿ ಮೇಜಿನ ಕೆಳಗಿನ ಗುಂಡಿ ಒತ್ತಿದಳು, ದೇವರಮನೆಗೆ ಹೋದಳು. ಇಷ್ಟೇ. ಒಂದು ಬೆರಳು, ಒಂದು ಗುಂಡಿ, ತಪ್ಪು ಮಾಡಬೇಕೆಂದರೂ ಅಲ್ಲಿ ಎಡೆಯಿರಲಿಲ್ಲ. ನಾನು ಮೆಲ್ಲನೆ ಪರದೆಯ ಗವಸನ್ನು ಎತ್ತಿ ಇಣುಕಿದೆ. ನೀಲಿ ಆಗಲೇ ಬಂದು ಕೂತಿತ್ತು. ಯಾರೂ ಏನೂ ಮುಟ್ಟಿಲ್ಲ, ಆದರೂ ನೀಲಿ. ಹಾಗಾದರೆ ಮುಟ್ಟಿರುವುದು ಯಾವುದು ಎಂದು ಕೆಳಗೆ ನೋಡಿದೆ. ಕೀಬೋರ್ಡಿನ ಮೇಲೆ ಹಸಿರು ಗವಸು ಬಿಗಿದುಕೊಂಡು ಕೂತಿತ್ತು. ಕೈಯಾಡಿಸಿದರೆ ಎಡಮೂಲೆಯಲ್ಲಿ ಒಂದು ಗಂಟು ಬೆರಳಿಗೆ ಸಿಕ್ಕಿತು. ಹೊಸ ಎಲಾಸ್ಟಿಕ್ಕಿನ ಎರಡು ತುದಿಗಳನ್ನು ಕೂಡಿಸಿ ಹಾಕಿದ, ಕಡಲೆಕಾಳಿನಷ್ಟು ದಪ್ಪನೆಯ ಗಂಟು. ಅಂಚನ್ನು ಎತ್ತಿ ನೋಡಿದೆ. ಮೇಲುಸಾಲಿನ ಒಂದು ಕೀಲಿಯ ನೆತ್ತಿಯ ಮೇಲೆ ಆ ಗಂಟು ನೆಟ್ಟಗೆ ಕೂತು ಅದನ್ನು ಒತ್ತಿ ಹಿಡಿದಿತ್ತು.

ಅವಳು ತರಕಾರಿಗೆ ಹೋದ ಸಮಯ ನೋಡಿ ಪ್ರಯೋಗ ಮಾಡಿದೆ. ಗವಸು ತೊಡಿಸಿ ಗುಂಡಿ ಒತ್ತಿದರೆ ನೀಲಿ, ತೆಗೆದು ಒತ್ತಿದರೆ ಹೊಂಗೆಮರ. ಇಮ್ತಿಯಾಜರಿಗೆ ಫೋನು ಮಾಡಿದರೆ ಅವರು ಬಿದ್ದು ಬಿದ್ದು ನಕ್ಕರು. "ಸಾರ್, ಅದು ಕೆಟ್ಟಿದ್ದಲ್ಲ. ಶುರು ಆಗೋವಾಗ ಆ ಕೀ ಒತ್ತಿದ್ರೆ ಅದರ ಒಳಗಿನ ಸೆಟ್ಟಿಂಗ್ಸು ತೆರೆಯುತ್ತೆ. ಯಾರೋ ಒತ್ತಿದ್ರು, ಅದು ತೆರೀತು, ಅಷ್ಟೇ." ನಾನು ಕೀಬೋರ್ಡನ್ನು ಒಯ್ಯದೆ ಡಬ್ಬವನ್ನು ಮಾತ್ರ ಹೊತ್ತು ಮೆರವಣಿಗೆ ಹೋದದ್ದು, ಪ್ಲಗ್ಗು ಕೀಳುವ ವೇಳೆಗೆ ಗವಸು ಆಗಲೇ ತೆಗೆದಿರುತ್ತಿದ್ದದ್ದು, ಅವಳು ಮಾತ್ರ ಪ್ರತಿ ಸಲವೂ ಗವಸು ಹಾಕಿಯೇ ಎಬ್ಬಿಸುತ್ತಿದ್ದದ್ದು, ಎಲ್ಲವೂ ಒಂದರ ಹಿಂದೊಂದು ಬಿಡಿಸಿಕೊಂಡವು. ನನ್ನ ಕೈಗುಣವೂ ಅದರೊಂದಿಗೆ ಬಿಚ್ಚಿಕೊಂಡು ಬಿದ್ದುಹೋಯಿತು.

ಆದರೆ ಇದನ್ನು ಅವಳಿಗೆ ಹೇಳುವುದು ಹೇಗೆ? ಅವಳು ತಾನೇ ತಪ್ಪು ಮಾಡುತ್ತಿದ್ದೇನೆ ಎನ್ನುತ್ತಿದ್ದಾಳೆ. ಹೌದು, ನೀನೇ, ನಿನ್ನ ಗವಸೇ, ಅಚ್ಚುಕಟ್ಟಿಗೆಂದು ನೀನು ಬಿಗಿದ ಎಲಾಸ್ಟಿಕ್ಕೇ ಎಂದು ನಾನು ಹೇಳಿದರೆ ಉರಿಯುವ ಮನಸ್ಸಿಗೆ ತುಪ್ಪ ಸುರಿದಂತಾಗುವುದಿಲ್ಲವೇ? ಗಂಗಾನಗರದ ಆ ಮನೆಯವರ ಅಂತಃಕರಣ ನೆನಪಾಯಿತು. ಅವರಂತೆಯೇ ಸದ್ದಿಲ್ಲದೆ ಸರಿಪಡಿಸಿಬಿಡುವುದೆಂದು ತೀರ್ಮಾನಿಸಿದೆ. ಹೊಲಿಗೆಯ ಡಬ್ಬಿಯಿಂದ ಸೂಜಿ ಹುಡುಕಿ, ದಾರ ಪೋಣಿಸುವುದರಲ್ಲೇ ಅರ್ಧ ಆಯುಷ್ಯ ಕಳೆದು, ಎಲಾಸ್ಟಿಕ್ ಬಿಚ್ಚಿ ಸಡಿಲಿಸಿ, ಗಂಟನ್ನು ಕೆಳಗಿನ ಅಂಚಿಗೆ ಸರಿಸಿ ಹೊಲಿದಿಟ್ಟೆ. ಅವಳು ಬಂದಾಗ, ಕರೆಂಟಿನದೇ ತೊಂದರೆಯಂತೆ, ಇಮ್ತಿಯಾಜ್ ಹೇಳಿದ ಹಾಗೆ ಸ್ಟೆಬಿಲೈಸರಿನ ವೈರು ಬದಲಾಯಿಸಿದ್ದೇನೆ, ನಾಳೆ ನೋಡು ಎಂದೆ. ಡಾಕ್ಟರು ಹಾಳೆ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಿದೆ.

ಮರುದಿನ ಹೊಂಗೆಮರ ಬಂತು. ಅದರ ಮರುದಿನವೂ ಬಂತು. ನಾನು ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ. ಇಷ್ಟು ನಾಜೂಕಾಗಿ ಒಂದು ಪರೋಪಕಾರವನ್ನು ಮಾಡಿ ಅದರ ಕೀರ್ತಿಯನ್ನು ಪರಿತ್ಯಜಿಸಿದ ಗಂಡಸು ಉತ್ತರ ಬೆಂಗಳೂರಿನಲ್ಲಿ ಇನ್ನೊಬ್ಬನಿರಲಾರ ಎನಿಸಿತು. ಆದರೆ ಅವಳ ಮುಖ ಮಾತ್ರ ಅರಳಲಿಲ್ಲ. ಗುಂಡಿ ಒತ್ತುವ ಮೊದಲು ಬೆರಳನ್ನು ಅಲ್ಲೇ ಹಿಡಿದು ನಿಲ್ಲುವಳು. ಹೊಂಗೆಮರ ಬಂದರೆ, "ಇವತ್ತು ಬಂತು," ಎನ್ನುವಳು, ಅಷ್ಟೇ. ಗೇಟಿನವರೆಗೆ ಹೋದವಳು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಹಿಂತಿರುಗುವಳು. ಊಟದ ಮಧ್ಯೆ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನನ್ನ ಮುಖವನ್ನೇ ನೋಡುತ್ತ ಕೇಳುವಳು. ಚೆನ್ನಾಗಿದೆ ಎಂದರೆ ಆ ಮಾತನ್ನು ತೂಗಿ ನೋಡುವವಳಂತೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಿರುವಳು. ಯಂತ್ರ ಸರಿಹೋದ ಮೇಲೂ ಇದೇನು ಎಂದು ನನಗೆ ಬಗೆಹರಿಯಲಿಲ್ಲ.

ಶನಿವಾರ ಅವಳು ಗವಸುಗಳನ್ನು ಒಗೆಯುವ ದಿನ. ಈ ಸಂಗತಿ ನನ್ನ ಯೋಜನೆಯಲ್ಲಿ ಸೇರಿರಲಿಲ್ಲ. ನಾನು ಪತ್ರಿಕೆ ಓದುತ್ತಿದ್ದಾಗ ಅವಳು ಬಂದು ಹಸಿರು ಗವಸನ್ನು ಒಳಹೊರಗು ಮಾಡಿ ನನ್ನ ತೊಡೆಯ ಮೇಲಿಟ್ಟಳು. ಹಸಿರು ಬಟ್ಟೆಯ ಮೇಲೆ ಕೆಂಪು ದಾರದ ನನ್ನ ಹೊಲಿಗೆ, ಕುಂಟು ಜಿರಲೆ ನಡೆದುಹೋದ ದಾರಿಯಂತೆ ಕಾಣುತ್ತಿತ್ತು.

"ಇದ್ಯಾಕೆ ಬಿಚ್ಚಿದ್ರಿ?" ಎಂದು ಕೇಳಿದಳು.

ಸುಳ್ಳು ಹೇಳಲು ಬೇಕಾದ ಪ್ರತಿಭೆ ನನಗಿಲ್ಲ. ಇದ್ದದ್ದೆಲ್ಲ ಸ್ಟೆಬಿಲೈಸರಿನ ವೈರಿಗೇ ಖರ್ಚಾಗಿಹೋಗಿತ್ತು. ಗಂಟು, ಕೀಲಿ, ನೀಲಿ, ಬಾಗಿಲ ಹಿಂದೆ ನಿಂತದ್ದು, ಎಲ್ಲವನ್ನೂ ಹೇಳಿದೆ. ನಿನಗೆ ನೋವಾಗಬಾರದೆಂದು ಹೇಳಲಿಲ್ಲ ಎಂದು ಸೇರಿಸಿದೆ, ಸ್ವಲ್ಪ ಮೆಚ್ಚುಗೆಯನ್ನೂ ನಿರೀಕ್ಷಿಸಿದೆ.

ಅವಳು ಕೋಣೆಗೆ ಹೋಗಿ ಗವಸನ್ನು ಹಳೆಯ ರೀತಿಯಲ್ಲಿಯೇ ಗಂಟು ಮೇಲೆ ಬರುವಂತೆ ಎಳೆದು ಹಿಡಿದು ಗುಂಡಿ ಒತ್ತಿದಳು. ನೀಲಿ ಬಂತು. ಆರಿಸಿ, ಗವಸು ತೆಗೆದು ಒತ್ತಿದಳು. ಹೊಂಗೆಮರ ಬಂತು. ಇನ್ನೊಮ್ಮೆ ನೀಲಿ, ಇನ್ನೊಮ್ಮೆ ಹೊಂಗೆಮರ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ, ನಗುತ್ತಿರುವವನು ನಾನೊಬ್ಬನೇ ಎಂಬುದು ನನ್ನ ಗಮನಕ್ಕೆ ಬಂತು.

"ಒಂದು ಗಂಟು," ಎಂದಳು. "ಒಂದು ಗಂಟು ಅಷ್ಟೇ ಅಂತ ನಿಮಗೆ ಗೊತ್ತಿತ್ತು. ನಾನು ಮಾತ್ರ ದಿನಾ ಆ ಗುಂಡಿ ಮುಂದೆ ನಿಂತು, ಇವತ್ತು ಮರೀತೀನೋ ನಾಳೆ ಮರೀತೀನೋ ಅಂತ ಇದ್ದೆ. ನನಗೇನೂ ಆಗಿಲ್ಲ ಅನ್ನೋದನ್ನ ನನ್ನಿಂದಲೇ ಮುಚ್ಚಿಟ್ರಲ್ಲ."

ಯಾವುದನ್ನು ಕೇಳಿದರೆ ಅವಳು ನೊಂದುಕೊಳ್ಳುವಳೆಂದು ಬಚ್ಚಿಟ್ಟಿದ್ದೆನೋ ಅದೊಂದೇ ಅವಳಿಗೆ ಬೇಕಾಗಿದ್ದ ಔಷಧವಾಗಿತ್ತು. ತಪ್ಪು ಗವಸಿನದೆಂದು ಗೊತ್ತಾಗಿದ್ದರೆ ಅವಳ ಕೈ ಸರಿಯಿದೆ ಎಂದಾಗುತ್ತಿತ್ತು, ಮರೆವಲ್ಲ ಎಂದಾಗುತ್ತಿತ್ತು; ತಪ್ಪು ಕರೆಂಟಿನ ಮೇಲೆ ಹೋದದ್ದರಿಂದ, ಅದೇ ಕರೆಂಟಿನಲ್ಲಿ ನನ್ನ ಕೈಲಿ ಬರುತ್ತಿದ್ದದ್ದು ತನ್ನ ಕೈಲಿ ಏಕೆ ಬರಲಿಲ್ಲ ಎಂಬುದು ಅವಳಿಗೆ ಇತ್ಯರ್ಥವಾಗಲಿಲ್ಲ. ನನ್ನ ನಾಜೂಕೆಲ್ಲ ಅವಳ ಭಯದ ಮೇಲೆ ಇನ್ನೊಂದು ಗವಸು ತೊಡಿಸಿತ್ತು. ನಾಚಿಕೆಯಾಯಿತು. ಗಂಗಾನಗರದಲ್ಲಿ ನಿಮ್ಮಮ್ಮನನ್ನು ನೀವೆಲ್ಲ ನೋಡಿಕೊಂಡ ಹಾಗೆ ನಾನೂ ಮಾಡಿದೆ ಎಂದು ತೊದಲಿದೆ.

"ಅಮ್ಮನಿಗೆ ಗೊತ್ತಿತ್ತು ರೀ," ಎಂದಳು ಸುಲೋಚನ. ದನಿ ಮೆತ್ತಗಾಗಿತ್ತು. "ಒಂದ್ಸಲ ನನ್ನ ಕೈ ಹಿಡ್ಕೊಂಡು ಕೇಳಿದ್ರು. ನನಗೇನೋ ಆಗ್ತಿದೆ ಕಣೇ, ಯಾರೂ ಹೇಳಲ್ವಲ್ಲ, ನೀನಾದ್ರೂ ಹೇಳು ಅಂತ. ಏನೂ ಇಲ್ಲಮ್ಮ ಅಂದ್ಬಿಟ್ಟೆ. ಆಮೇಲೆ ಅವರು ಯಾರನ್ನೂ ಏನೂ ಕೇಳಲೇ ಇಲ್ಲ. ಒಬ್ಬರೇ ಇದ್ರು."

ಅಷ್ಟು ಜನರಿದ್ದ ಆ ಮನೆಯಲ್ಲಿ ಎಲ್ಲರ ಅಂತಃಕರಣದ ನಡುವೆ ಅತ್ತೆಯವರು ಒಬ್ಬರೇ ಕೂತಿದ್ದುದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೆ. ಒಂಟಿತನವೆಂದು ಗುರುತಿಸದೆ ನೆಮ್ಮದಿಯೆಂದು ತಿಳಿದಿದ್ದೆ.

ಅವಳು ಸೂಜಿದಾರ ತಂದು ನನ್ನ ಹೊಲಿಗೆಯನ್ನು ನಿರ್ದಾಕ್ಷಿಣ್ಯವಾಗಿ ಬಿಚ್ಚಿ, ಎಲಾಸ್ಟಿಕ್ಕನ್ನು ಮತ್ತೆ ಬಿಗಿಯಾಗಿಯೇ ಎಳೆದು, ಗಂಟನ್ನು ಕೆಳಗೆ ತಂದು ತನ್ನ ಕೈಯಾರೆ ಹೊಲಿದಳು. ಡಾಕ್ಟರಿಗೆ ತಾನೇ ಫೋನು ಮಾಡಿ, ಎಮ್ಮೆಗಳ ಅಧ್ಯಾಯ ಮುಂದಿನ ವಾರ ಮುಗಿಯುತ್ತದೆ, ಕುರಿಗಳದ್ದನ್ನು ಬರೆದಿದ್ದರೆ ಕಳಿಸಿ ಎಂದಳು. ಆ ಕಡೆಯಿಂದ ರುದ್ರಪ್ಪನವರ ದೊಡ್ಡ ನಗು ನನಗೂ ಕೇಳಿಸಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಕೀಬೋರ್ಡಿನ ಮೇಲೆ ಬೆರಳಿಟ್ಟವಳು, ಟೈಪು ಮಾಡಲು ಶುರುಮಾಡದೆ ನನ್ನ ಕಡೆ ತಿರುಗಿದಳು.

"ಈ ಸಲ ಗಂಟು. ಮುಂದೆ ಯಾವಾಗ್ಲಾದ್ರೂ ನಿಜವಾಗ್ಲೂ ನಾನೇ ಮರೆಯೋಕೆ ಶುರು ಮಾಡಿದ್ರೆ, ನನಗೇ ಮೊದಲು ಹೇಳ್ತೀರಾ?"

ಹೇಳುತ್ತೇನೆ ಎಂದೆ. ಅವಳು ನನ್ನಿಂದ ಇನ್ನೊಮ್ಮೆ ಹೇಳಿಸಿದಳು.